ಹಾರಾಟ ಪರೀಕ್ಷೆ (ಪೈಲಟ್ ಲೈಸೆನ್ಸಿಗಾಗಿ)

ಪೈಲಟ್ ಲೈಸೆನ್ಸ್ ಕೊಡುವ ಮುನ್ನ ಅಭ್ಯರ್ಥಿಯ ಪಕ್ಕದ ಸೀಟಿನಲ್ಲಿ ಅಧಿಕೃತ ಪರೀಕ್ಷಕರು ಕುಳಿತು, ವಿಮಾನವನ್ನು ಅಭ್ಯರ್ಥಿಯಿಂದಲೇ ಹಾರಿಸಿ ಇಳಿಸಿ ನೋಡುವ ಪ್ರಾಯೋಗಿಕ ಪರೀಕ್ಷೆಗೆ ಹಾರಾಟ ಪರೀಕ್ಷೆ ಎನ್ನುತ್ತಾರೆ. ಭಾರತದ ನಿಯಮಾವಳಿಯಲ್ಲಿ ಇದರ ಹೆಸರು ಸ್ಕಿಲ್ ಟೆಸ್ಟ್. ತರಬೇತಿ ಶಾಲೆಗಳ ಮಕ್ಕಳು ‘ಜಿಎಫ್‌ಟಿ’ (ಜನರಲ್ ಫ್ಲೈಯಿಂಗ್ ಟೆಸ್ಟ್) ಅಥವಾ ಬರೀ ‘ಚೆಕ್’ ಎನ್ನುತ್ತಾರೆ. ಅಮೆರಿಕದಲ್ಲಿ ಕಲಿತು ಬಂದವರ ಬಾಯಲ್ಲಿ ಅದು ‘ಚೆಕ್‌ರೈಡ್’. ಹಾರಲು ಬಾರದೆ ಈ ಪರೀಕ್ಷೆಯಲ್ಲಿ ಸೋಲುವವರು ಇದ್ದಾರೆ. ಚೆನ್ನಾಗಿ ಹಾರಲು ಬಂದೂ, ದಿನಾಂಕಗಳು ಒಂದಕ್ಕೊಂದು ಕೂಡದೆ ತಿಂಗಳುಗಟ್ಟಲೆ ಕಾಯುವವರೂ ಇದ್ದಾರೆ. ಮೊದಲನೆಯವರಿಗೆ ಇನ್‌ಸ್ಟ್ರಕ್ಟರ್ ಸಹಾಯ ಸಿಗುತ್ತದೆ. ಎರಡನೆಯವರು ತಮ್ಮ ದಾರಿಯನ್ನು ತಾವೇ ನೋಡಿಕೊಳ್ಳಬೇಕು. ಹಾಗಾಗಿ ಈ ಲೇಖನದಲ್ಲಿ ದಿನ ಗೊತ್ತುಮಾಡುವ ಕೆಲಸಕ್ಕೆ ಹಾರಾಟದಷ್ಟೇ ಜಾಗ ಕೊಡಲಾಗಿದೆ. ಬೆಂಗಳೂರಿನ ಪೂರ್ವಭಾಗದ ದೊಡ್ಡನೆಕ್ಕುಂದಿ, ಮಾರತಹಳ್ಳಿ, ವಿಮಾನಪುರದ ಸೀಮೆಯನ್ನೂ ನಗರದ ಉತ್ತರಕ್ಕಿರುವ ಜಕ್ಕೂರನ್ನೂ ನೆಲೆಯಾಗಿಟ್ಟುಕೊಂಡು ವಿಷಯವನ್ನು ವಿವರಿಸಲಾಗಿದೆ.

ದೊಡ್ಡನೆಕ್ಕುಂದಿಯ ಆಸುಪಾಸು

ದೊಡ್ಡನೆಕ್ಕುಂದಿ ಹೊರವರ್ತುಲ ರಸ್ತೆಯಲ್ಲಿ ಮಾರತಹಳ್ಳಿಗೂ ಮಹದೇವಪುರಕ್ಕೂ ನಡುವೆ ಇದೆ. ಇಸ್ರೋದ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಐಸೈಟ್ ಆವರಣ ಇಲ್ಲಿದೆ. ಅಲ್ಲಿಂದ ನೈಋತ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಪೂರ್ವ ಪಶ್ಚಿಮವಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದ ಚಾಚಿಕೊಂಡಿದೆ. ಪಶ್ಚಿಮದ ಗಾಳಿ ಬೀಸುವ ದಿನಗಳಲ್ಲಿ ಇಳಿಯುವ ವಿಮಾನಗಳು ಮಾರತಹಳ್ಳಿಯ ಕಡೆಯಿಂದಲೇ ಬರುತ್ತವೆ. ತೇಜಸ್ ಯುದ್ಧವಿಮಾನ, ಧ್ರುವ ಹೆಲಿಕಾಪ್ಟರ್‌ಗಳ ಸದ್ದು ಇಲ್ಲಿನವರಿಗೆ ಹೊಸದಲ್ಲ.

ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು (ಇಂದಿನ ಎಚ್‌ಎಎಲ್) ಸ್ಥಾಪಿಸಿದ ಮೇಲೆ ಈ ಸೀಮೆ ವಿಮಾನಗಳ ನೆಲೆಯಾಯಿತು. ಇಲ್ಲಿ ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ಮುಂದೆ ದೇಶದ ಅನೇಕ ಚಾಲಕರು ಹಾರಾಟದ ಓನಾಮ ಕಲಿತದ್ದು ಅದರಲ್ಲೇ. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾದ ಮೇಲೆ ಎಚ್‌ಎಎಲ್ ನಿಲ್ದಾಣದ ನಿಗದಿತ ಪ್ರಯಾಣಿಕ ಸೇವೆ ನಿಂತಿತು. ಪರೀಕ್ಷಾ ಹಾರಾಟ, ವಾಯುಪಡೆಯ ಕೆಲಸ, ಖಾಸಗಿ ವಿಮಾನಗಳ ಸಂಚಾರ ಈಗಲೂ ನಡೆಯುತ್ತಿವೆ.

ಹೊಸದಾಗಿ ಕಲಿಯುವ ನಾಗರಿಕ ಚಾಲಕರು ಪರೀಕ್ಷೆಗೆ ಹಾರುವುದು ಈ ನಿಲ್ದಾಣದಲ್ಲಿ ಅಲ್ಲ. ದೊಡ್ಡನೆಕ್ಕುಂದಿಯ ಹುಡುಗ ಅಥವಾ ಹುಡುಗಿ ಬೆಳಗಿನ ಜಾವ ಎದ್ದು ಕೆ.ಆರ್. ಪುರ, ಹೆಬ್ಬಾಳದ ದಾರಿಯಾಗಿ ಜಕ್ಕೂರಿಗೆ ಹೋಗಬೇಕು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಜಯಚಾಮರಾಜ ಒಡೆಯರ್ ಅವರ ಕಾಲದಲ್ಲಿ, 1949ರಲ್ಲಿ ಆರಂಭವಾಯಿತು. ಈಗ ಅದು ರಾಜ್ಯದ ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿದೆ. ಅಲ್ಲಿ ಸೇರದವರು ಮೈಸೂರಿನ ಮಂಡಕಳ್ಳಿಗೋ ಬೆಳಗಾವಿ, ಕಲಬುರಗಿಗೋ ಹೊರ ರಾಜ್ಯಕ್ಕೋ ಹೋಗುತ್ತಾರೆ. ಎಲ್ಲಿ ಸೇರಿದರೂ ಒಂದು ಹಂತಕ್ಕಾಗಿ ಅನೇಕರು ವಿಮಾನಪುರಕ್ಕೆ ಬರುತ್ತಾರೆ. 1957ರಲ್ಲಿ ಹುಟ್ಟಿದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ, ಅಂದರೆ ಐಎಎಂ, ಇರುವುದು ಅಲ್ಲಿ. ವಾಣಿಜ್ಯ ಲೈಸೆನ್ಸಿಗೆ ಬೇಕಾದ ಮೊದಲ ಕ್ಲಾಸ್ 1 ವೈದ್ಯಕೀಯ ತಪಾಸಣೆ ನಡೆಸುವ ದೇಶದ ಮುಖ್ಯ ಕೇಂದ್ರಗಳಲ್ಲಿ ಅದೂ ಒಂದು. ಗಗನಯಾನದ ಗಗನಯಾತ್ರಿಗಳ ಆಯ್ಕೆಯ ತಪಾಸಣೆ ನಡೆದದ್ದೂ ಇಲ್ಲೇ.

ಲೈಸೆನ್ಸುಗಳು ಮತ್ತು ಅವುಗಳ ಪರೀಕ್ಷೆ

ಲೈಸೆನ್ಸ್ ಕೊಡುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು, ಅಂದರೆ ಡಿಜಿಸಿಎಯದ್ದು. 1934ರ ಏರ್‌ಕ್ರಾಫ್ಟ್ ಕಾಯಿದೆಯ ಜಾಗಕ್ಕೆ ಬಂದ 2024ರ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಯಾವ ಲೈಸೆನ್ಸಿಗೆ ಎಷ್ಟು ಗಂಟೆ, ಯಾವ ಪರೀಕ್ಷೆ ಎಂಬುದು 1937ರ ಏರ್‌ಕ್ರಾಫ್ಟ್ ನಿಯಮಗಳ ಎರಡನೆಯ ಅನುಸೂಚಿಯಲ್ಲಿ ಬಂದಿದೆ.

ವಿದ್ಯಾರ್ಥಿ ಲೈಸೆನ್ಸ್ 16ನೆಯ ವಯಸ್ಸಿಗೆ ಸಿಗುತ್ತದೆ. ಖಾಸಗಿ ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಹೊಟ್ಟೆಪಾಡಿಗಾಗಿ ಹಾರುವವರಿಗೆ ಬೇಕಾದದ್ದು ವಾಣಿಜ್ಯ ಲೈಸೆನ್ಸ್, ಅಂದರೆ ಸಿಪಿಎಲ್. ಅದಕ್ಕೆ 18 ವರ್ಷ ವಯಸ್ಸಾಗಿರಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು, 200 ಗಂಟೆ ಹಾರಿರಬೇಕು. ಆ 200ರಲ್ಲಿ 100 ಗಂಟೆ ತಾನೇ ಕಮಾಂಡರ್ ಆಗಿ ಹಾರಿದ್ದಾಗಿರಬೇಕು. ಅದರಲ್ಲಿ 15 ಗಂಟೆ ಅರ್ಜಿಗೆ ಹಿಂದಿನ 6 ತಿಂಗಳಲ್ಲಿ ಬಂದಿರಬೇಕು. ದೂರದ ಊರುಗಳಿಗೆ ಹಾರಿದ 20 ಗಂಟೆ, ಉಪಕರಣಗಳನ್ನು ಮಾತ್ರ ನೋಡಿ ಹಾರಿದ 10 ಗಂಟೆ, ರಾತ್ರಿಯ 5 ಗಂಟೆ ಬೇರೆ ಬೇರೆ ಲೆಕ್ಕ. ಏರ್ ರೆಗ್ಯುಲೇಷನ್, ನ್ಯಾವಿಗೇಶನ್, ಮೀಟಿಯರಾಲಜಿ, ಟೆಕ್ನಿಕಲ್ ಪತ್ರಿಕೆಗಳಲ್ಲಿ ನೂರಕ್ಕೆ 70 ಬಂದರೆ ಪಾಸು.

ಸಿಪಿಎಲ್‌ನ ಹಾರಾಟ ಪರೀಕ್ಷೆ ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ. ಅದರಲ್ಲಿ ನಾಲ್ಕು ಭಾಗಗಳಿವೆ. ಹಗಲಿನ ಸಾಮಾನ್ಯ ಹಾರಾಟ ಮತ್ತು ರಾತ್ರಿಯ ಸಾಮಾನ್ಯ ಹಾರಾಟ ಮೊದಲೆರಡು. ಮೂರನೆಯದು ಕನಿಷ್ಠ 250 ನಾಟಿಕಲ್ ಮೈಲಿಯ ಹಗಲಿನ ದೂರ ಹಾರಾಟ. ನಡುವೆ ಇನ್ನೊಂದು ನಿಲ್ದಾಣದಲ್ಲಿ ಇಳಿದು ಪೂರ್ತಿ ನಿಲ್ಲಬೇಕು. ನಾಲ್ಕನೆಯದು ಕನಿಷ್ಠ 120 ನಾಟಿಕಲ್ ಮೈಲಿಯ ರಾತ್ರಿ ಹಾರಾಟ. ಎಲ್ಲೂ ಇಳಿಯದೆ ಹೊರಟಲ್ಲಿಗೇ ಮರಳಬೇಕು. 250 ನಾಟಿಕಲ್ ಮೈಲಿ ಎಂದರೆ ಸುಮಾರು 463 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬಂದರೂ ಅದು ತುಂಬುವುದಿಲ್ಲ.

ದಿನ ಗೊತ್ತುಮಾಡುವುದು

ಈ ನಾಲ್ಕೂ ಪರೀಕ್ಷೆಗಳನ್ನು ಲೈಸೆನ್ಸಿಗೆ ಅರ್ಜಿ ಹಾಕುವ ದಿನಕ್ಕೆ ಹಿಂದಿನ 6 ತಿಂಗಳೊಳಗೆ ಮುಗಿಸಿರಬೇಕು. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಜನವರಿ 10ರಂದು ಹಗಲಿನ ಪರೀಕ್ಷೆ ಚೆನ್ನಾಗಿ ಮುಗಿಯಿತೆಂದು ಇಟ್ಟುಕೊಳ್ಳಿ. ರಾತ್ರಿಯ ದೂರ ಹಾರಾಟಕ್ಕೆ ವಿಮಾನ ಸಿಗದೆ ತಿಂಗಳುಗಳು ಹೋದವು. ಪರೀಕ್ಷಕರು ರಜೆಯಲ್ಲಿದ್ದದ್ದಕ್ಕೆ ಇನ್ನಷ್ಟು. ಮುಂಗಾರು ಹಿಡಿದುಕೊಂಡು ಮತ್ತಷ್ಟು. ಕೊನೆಯ ಪರೀಕ್ಷೆ ಜುಲೈ 20ಕ್ಕೆ ಆಗುವ ಹೊತ್ತಿಗೆ ಜನವರಿಯ ಪರೀಕ್ಷೆಯ ಅವಧಿ ತೀರಿರುತ್ತದೆ. ಅದನ್ನು ಮತ್ತೆ ಕೊಡಬೇಕು, ವಿಮಾನದ ಬಾಡಿಗೆಯನ್ನು ಮತ್ತೆ ಕಟ್ಟಬೇಕು. ಆದ್ದರಿಂದ ಸುಲಭವಾದ ಪರೀಕ್ಷೆಯನ್ನು ಮೊದಲು ಮುಗಿಸಿಬಿಡುವುದಕ್ಕಿಂತ, ದಿನ ಸಿಗುವುದು ಕಷ್ಟವಾದ ಪರೀಕ್ಷೆಗೆ ಮೊದಲು ದಿನ ಹಿಡಿದು ಉಳಿದವನ್ನು ಅದರ ಹಿಂದೆ ಮುಂದೆ ಕೂರಿಸುವುದು ಲೇಸು. ರಾತ್ರಿ ಹಾರಾಟದ ವ್ಯವಸ್ಥೆ ಎಲ್ಲ ನಿಲ್ದಾಣಗಳಲ್ಲೂ ಎಲ್ಲ ದಿನವೂ ಇರುವುದಿಲ್ಲ. ಹೀಗಾಗಿ ಹಲವರಿಗೆ ಆ ಕಷ್ಟದ ಪರೀಕ್ಷೆ ರಾತ್ರಿಯ ದೂರ ಹಾರಾಟವೇ ಆಗಿರುತ್ತದೆ.

ಕಾಗದಗಳಲ್ಲಿ ಎಲ್ಲಕ್ಕೂ ಮೇಲೆ ವೈದ್ಯಕೀಯ ಪ್ರಮಾಣಪತ್ರ. ಕ್ಲಾಸ್ 1 ಪ್ರಮಾಣಪತ್ರ 40 ವರ್ಷದೊಳಗಿನವರಿಗೆ 12 ತಿಂಗಳು ಚಾಲ್ತಿಯಲ್ಲಿರುತ್ತದೆ. ಅದರ ನವೀಕರಣ ಪರೀಕ್ಷೆಯ ತಿಂಗಳಲ್ಲೇ ಬಿದ್ದರೆ ಮುನ್ನವೇ ಮುಗಿಸಿಕೊಳ್ಳಬೇಕು. ಬಣ್ಣದ ದೃಷ್ಟಿ, ಕಿವಿ, ಇಸಿಜಿ, ರಕ್ತ ಎಂದು ಪಟ್ಟಿ ಉದ್ದವಿದೆ. ಒಂದು ವರದಿಯಲ್ಲಿ ಅನುಮಾನ ಬಂದು ಮರುತಪಾಸಣೆ ಎಂದರೆ ವಾರಗಳೇ ಉರುಳುತ್ತವೆ. ರೇಡಿಯೊ ದೂರವಾಣಿ ನಡೆಸುವ ಪರವಾನಗಿ ಇನ್ನೊಂದು ಕಾಗದ. ಅದಕ್ಕೆ ಬೇಕಾದ ಆರ್‌ಟಿಆರ್ ಪರೀಕ್ಷೆಯನ್ನು ಮೊದಲು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು; ಹೊಸ ಅಧಿನಿಯಮ ಅದನ್ನು ಡಿಜಿಸಿಎಗೆ ವಹಿಸಿದೆ. ವಿಮಾನಕ್ಕೂ ಅದರದೇ ಕಾಗದಗಳಿವೆ. ನಿಗದಿತ ಗಂಟೆ ಹಾರಿದೊಡನೆ ಅದು ತಪಾಸಣೆಗೆ ಹ್ಯಾಂಗರ್ ಸೇರುತ್ತದೆ. ಮುಂದಿನ ತಪಾಸಣೆಗೆ ಎರಡೇ ಗಂಟೆ ಉಳಿದಿರುವ ವಿಮಾನವನ್ನು ನಾಲ್ಕು ಗಂಟೆಯ ದೂರ ಹಾರಾಟಕ್ಕೆ ನಂಬಿಕೊಂಡವರು ಹಿಂದಿನ ಸಂಜೆ ಪರದಾಡುತ್ತಾರೆ. ಮೆಂಟೆನೆನ್ಸ್‌ನವರನ್ನು ಒಂದು ವಾರ ಮೊದಲೇ ವಿನಯದಿಂದ ಕೇಳಿಟ್ಟುಕೊಂಡರೆ ಇದು ತಪ್ಪುತ್ತದೆ.

ಮದುವೆಗೆ ಮುಹೂರ್ತ, ಛತ್ರ, ಪುರೋಹಿತರು ಮೂರೂ ಒಂದೇ ದಿನಕ್ಕೆ ಕೂಡಿಬರಬೇಕಾದ ಹಾಗೆ ಇಲ್ಲಿ ಪರೀಕ್ಷಕರು, ವಿಮಾನ, ಹವೆ, ಕಾಗದ, ಆಕಾಶದ ಅನುಮತಿ ಐದೂ ಕೂಡಿಬರಬೇಕು. ಪರೀಕ್ಷಕರು ಡಿಜಿಸಿಎ ಮಾನ್ಯತೆ ಪಡೆದವರು. ಬಹುಪಾಲು ಶಾಲೆಗಳಲ್ಲಿ ಮುಖ್ಯ ಇನ್‌ಸ್ಟ್ರಕ್ಟರ್ ಅಥವಾ ಅವರ ಕೆಳಗಿನವರು. ಪಾಠ, ಆಡಳಿತ, ಪರೀಕ್ಷೆ ಎಲ್ಲವೂ ಅವರ ತಲೆಯ ಮೇಲೇ ಇರುವುದರಿಂದ ಒಂದು ದಿನವನ್ನಷ್ಟೇ ಕೇಳುವುದು ಜಾಣತನವಲ್ಲ. ಎರಡು ಬದಲಿ ದಿನಗಳನ್ನೂ ಒಟ್ಟಿಗೇ ಗೊತ್ತುಮಾಡಿಕೊಳ್ಳಬೇಕು. ಅರ್ಜಿಗಳೆಲ್ಲ ಈಗ 2021ರಲ್ಲಿ ಬಂದ ಇ-ಜಿಸಿಎ ಜಾಲದ ಮೂಲಕವೇ ಸಾಗುತ್ತವೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಎಂಬುದು ನಮ್ಮ ಕಡೆಯವರಲ್ಲಿ ಸಾಮಾನ್ಯ. ಈ ವ್ಯತ್ಯಾಸವನ್ನು ತರಬೇತಿಯ ಮೊದಲ ತಿಂಗಳಲ್ಲೇ ಸರಿಪಡಿಸಿಕೊಳ್ಳಬೇಕು; ಕಡೆಗಾಲದಲ್ಲಿ ಅಫಿಡವಿಟ್ ಹಿಡಿದು ಓಡಾಡುವುದು ಬೇಡ.

ಲಾಗ್‌ಬುಕ್ಕಿನ ವಿಷಯ ಬೇರೆಯಾಗಿಯೇ ಹೇಳಬೇಕು. ಪ್ರತಿ ಹಾರಾಟದ ನಂತರ ಅದೇ ದಿನ ಬರೆದು, ಪುಟದ ಕೊನೆಯಲ್ಲಿ ಕೂಡಿ, ಸಹಿ ಹಾಕಿಸಿಕೊಂಡವರು ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಮಾಡುತ್ತಾರೆ. ಹಗಲಿನ ಕಾಲಮ್ಮಿನಲ್ಲಿ ಬರೆಯಬೇಕಾದ 1.2 ಗಂಟೆ ರಾತ್ರಿಯ ಕಾಲಮ್ಮಿಗೆ ಹೋಗಿ ಕೂತರೆ ಒಟ್ಟು ಸರಿಯಿದ್ದೂ ವಿಭಾಗಗಳ ಲೆಕ್ಕ ತಪ್ಪುತ್ತದೆ, 5 ಗಂಟೆಯ ರಾತ್ರಿ ಹಾರಾಟ ಕಾಗದದ ಮೇಲೆ ಮಾತ್ರ ಪೂರ್ತಿಯಾಗಿರುತ್ತದೆ. ಪರೀಕ್ಷಕರ ಕಣ್ಣು ಮೊದಲು ಹೋಗುವುದು ಇಂಥ ಪುಟಗಳಿಗೆ.

ಬೆಂಗಳೂರಿನ ಆಕಾಶದ ಪಂಚಾಂಗ

ಕಣ್ಣಳತೆಯ ಹಾರಾಟಕ್ಕೆ ನಿಯಂತ್ರಿತ ನಿಲ್ದಾಣದಲ್ಲಿ ಕನಿಷ್ಠ 5 ಕಿಲೋಮೀಟರ್ ದೃಷ್ಟಿ ಗೋಚರತೆ ಇರಬೇಕು, ಮೋಡದ ತಳ 1,500 ಅಡಿಗಿಂತ ಕೆಳಗಿರಬಾರದು. ಬೆಂಗಳೂರಿನಲ್ಲಿ ಈ ಎರಡು ಅಂಕಿಗಳು ವರ್ಷವನ್ನು ಸ್ಪಷ್ಟವಾಗಿ ಭಾಗ ಮಾಡುತ್ತವೆ.

ಡಿಸೆಂಬರ್, ಜನವರಿಯಲ್ಲಿ ಮುಂಜಾನೆಯ ಮಂಜು ಕಾಟ ಕೊಡುತ್ತದೆ. ಮಂಜು ಕರಗಿದ ಮೇಲೆ ಗಾಳಿ ಮೆಲ್ಲಗಿದ್ದು ಇಡೀ ದಿನ ಹಾರಬಹುದು. ಫೆಬ್ರುವರಿ, ಮಾರ್ಚ್ ಪರೀಕ್ಷೆಗೆ ಹೇಳಿ ಮಾಡಿಸಿದ ತಿಂಗಳುಗಳು. ಆದರೆ ಬೆಸ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತದೆ. 1996ರಿಂದ ನಡೆದುಬಂದ ಈ ಪ್ರದರ್ಶನದ ಅಭ್ಯಾಸ ಮತ್ತು ಪ್ರದರ್ಶನದ ದಿನಗಳಲ್ಲಿ ಸುತ್ತಲಿನ ಆಕಾಶವನ್ನು ಗಂಟೆಗಳ ಲೆಕ್ಕದಲ್ಲಿ ಮುಚ್ಚುತ್ತಾರೆ. ಜಕ್ಕೂರು ಯಲಹಂಕದ ಪಕ್ಕದಲ್ಲೇ ಇರುವುದರಿಂದ ಅಲ್ಲಿನ ವಿದ್ಯಾರ್ಥಿಗಳು ಆ ತಿಂಗಳ ವೈಮಾನಿಕ ಸೂಚನೆಗಳಾದ ನೋಟಾಮ್‌ಗಳನ್ನು ಮೊದಲೇ ನೋಡಿಟ್ಟುಕೊಳ್ಳಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಆಕಾಶ ತಿಳಿಯಾಗಿದ್ದು ಮಧ್ಯಾಹ್ನದ ಮೇಲೆ ಗುಡುಗಿನ ಮೋಡಗಳು ಏಳುತ್ತವೆ. ಬಿಸಿಲೇರಿದ ಮೇಲೆ ಏಳುವ ಬಿಸಿಗಾಳಿಯಲ್ಲಿ ಸಣ್ಣ ವಿಮಾನ ಕುಲುಕಾಡುತ್ತದೆ, ಎತ್ತರ ಹಿಡಿದಿಡುವುದು ಕಷ್ಟವಾಗುತ್ತದೆ. ಅದೇ ಬಿಸಿಗಾಳಿಯಲ್ಲಿ ಹದ್ದುಗಳೂ ಮೇಲೇರುತ್ತವೆ. ಈ ಕಾಲದಲ್ಲಿ ಬೆಳಗ್ಗೆ ಒಂಬತ್ತರೊಳಗೆ ಪರೀಕ್ಷೆ ಮುಗಿಸಿಕೊಂಡವರು ಗೆದ್ದರು. ಜೂನ್‌ನಿಂದ ಆಗಸ್ಟ್‌ವರೆಗೆ ಲೆಕ್ಕ ತಲೆಕೆಳಗು: ಬೆಳಗ್ಗೆ ಮೋಡ ತೀರಾ ಕೆಳಗಿಳಿದಿರುತ್ತದೆ, ಹತ್ತು ಹನ್ನೊಂದರ ಮೇಲೆ ಮೋಡದ ತಳ ಏರುತ್ತದೆ, ಜತೆಗೆ ಪಶ್ಚಿಮದ ಗಾಳಿ ಜೋರಾಗುತ್ತದೆ. ನಮ್ಮ ರನ್‌ವೇಗಳು ಪೂರ್ವ ಪಶ್ಚಿಮವಾಗಿರುವುದರಿಂದ ಆ ಗಾಳಿ ಬಹುಮಟ್ಟಿಗೆ ನೇರ ಎದುರಿನಿಂದ ಬರುತ್ತದೆ. ಅಡ್ಡಗಾಳಿಯಲ್ಲಿ ಇಳಿಸುವ ಅಭ್ಯಾಸ ಹೀಗಾಗಿ ಇಲ್ಲಿ ಕಡಿಮೆ ಸಿಗುತ್ತದೆ. ಸಿಕ್ಕ ದಿನ ಅದನ್ನು ಬಿಡದೆ ಮಾಡಬೇಕು.

ನೆಲದ ಮೇಲಿನ ಪ್ರಶ್ನೆಗಳು

ಹಾರುವ ಮುನ್ನ ಮೇಜಿನ ಎದುರು ಪ್ರಶ್ನೋತ್ತರ ನಡೆಯುತ್ತದೆ. ನಕ್ಷೆ, ಇಂಧನದ ಲೆಕ್ಕ, ತೂಕ ಮತ್ತು ಸಮತೋಲನ, ಹವೆಯ ವರದಿ ಓದುವುದು, ಎಂಜಿನ್ ನಿಂತರೆ ಏನು ಮಾಡುತ್ತೀರಿ ಎಂಬಂಥ ಪ್ರಶ್ನೆಗಳು ಬರುತ್ತವೆ. ಬೆಂಗಳೂರಿನಲ್ಲಿ ಕಲಿತವರು ಚೆನ್ನಾಗಿ ಅರಿತಿರಬೇಕಾದ ಒಂದು ಲೆಕ್ಕವಿದೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರದಲ್ಲಿ ಪ್ರಮಾಣಿತ ವಾತಾವರಣದ ಉಷ್ಣಾಂಶ 9 ಡಿಗ್ರಿ. ಏಪ್ರಿಲ್‌ನ ಮಧ್ಯಾಹ್ನ 34 ಡಿಗ್ರಿ ಇದ್ದರೆ 25 ಡಿಗ್ರಿ ಹೆಚ್ಚಾಯಿತು. ಪ್ರತಿ ಡಿಗ್ರಿಗೆ 120 ಅಡಿಯಂತೆ ಮತ್ತೆ 3,000 ಅಡಿ. ಅಂದರೆ ಗಾಳಿಯ ದಟ್ಟಣೆಯ ಮಟ್ಟಿಗೆ ವಿಮಾನ 6,000 ಅಡಿಯ ಬೆಟ್ಟದ ಮೇಲೆ ನಿಂತಿದೆ ಎಂದೇ ಅರ್ಥ. ಎಂಜಿನ್ನಿಗೆ ಸಿಗುವ ಗಾಳಿ ತೆಳು, ರೆಕ್ಕೆಗೆ ಸಿಗುವ ಗಾಳಿಯೂ ತೆಳು; ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಇಳಿಯುವಾಗ ಮಾಪಕದಲ್ಲಿ 65 ನಾಟ್ ಕಂಡರೂ ನಿಜವಾದ ವೇಗ 71ರ ಸುಮಾರು. ಮಾಪಕ ಏನನ್ನೂ ಹೇಳದಿದ್ದರೂ ರನ್‌ವೇ ಬೇಗ ತೀರುತ್ತದೆ. ಈ ಉತ್ತರವನ್ನು ಸೂತ್ರವಾಗಿ ಒಪ್ಪಿಸುವವರಿಗೂ, ‘ಹಾಗಾದರೆ ಇವತ್ತು ಪೂರ್ತಿ ಇಂಧನ ತುಂಬಿಸದೆ ಬೇಕಾದಷ್ಟೇ ಹಾಕಿಸಿದೆ’ ಎಂದು ಮುಂದಿನ ಹೆಜ್ಜೆ ಹೇಳುವವರಿಗೂ ಇರುವ ಅಂತರ ಪರೀಕ್ಷಕರಿಗೆ ತಕ್ಷಣ ತಿಳಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಈ ಹಂತಕ್ಕೆ ಹೆದರುವುದನ್ನು ಕಾಣುತ್ತೇವೆ. ರೇಡಿಯೊದಲ್ಲಿ ಇಂಗ್ಲಿಷ್ ಕಡ್ಡಾಯ. ಅಂತರರಾಷ್ಟ್ರೀಯ ಅಳತೆಯ ನಾಲ್ಕನೆಯ ಮಟ್ಟವನ್ನಾದರೂ ಮುಟ್ಟಿರಬೇಕು. ಆದರೆ ರೆಕ್ಕೆಯ ಮೇಲಿನ ಗಾಳಿ ಏಕೆ ಕಳಚಿಕೊಳ್ಳುತ್ತದೆ, ಸ್ಟಾಲ್ ಏಕೆ ಆಗುತ್ತದೆ ಎಂಬುದನ್ನು ಕನ್ನಡದಲ್ಲಿ ತಂಗಿಗೋ ಅಜ್ಜನಿಗೋ ಬಿಡಿಸಿ ಹೇಳಬಲ್ಲವರು ಇಂಗ್ಲಿಷಿನಲ್ಲಿ ಸರಳ ವಾಕ್ಯಗಳಲ್ಲಿ ಹೇಳುವುದು ಕಷ್ಟವೇನಲ್ಲ. ಅರ್ಥವಾಗದೆ ಬಾಯಿಪಾಠ ಮಾಡಿದವರು ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ರೇಡಿಯೊ ಮಾತು ಬೇರೆ ಕೌಶಲ. ಅದು ಗಟ್ಟಿಯಾಗಿ ಹೇಳಿ ಹೇಳಿಯೇ ಬರಬೇಕು.

ಹಾರುವ ಬೆಳಗು

ಹಾರಾಟಕ್ಕೆ ಹಿಂದಿನ 12 ಗಂಟೆ ಮದ್ಯ ಸೇವಿಸುವಂತಿಲ್ಲ, ಉಸಿರಿನ ಪರೀಕ್ಷೆಯಲ್ಲಿ ಸೊನ್ನೆ ಬರಬೇಕು. ಮದ್ಯಾಂಶವಿರುವ ಮೌತ್‌ವಾಶ್ ಕೂಡ ನಿಷಿದ್ಧ. ಕೆಮ್ಮಿನ ಔಷಧಿ ಕುಡಿಯುವವರು ಬಾಟಲಿಯ ಮೇಲಿನ ಚೀಟಿ ಓದಿಕೊಳ್ಳಬೇಕು. ದೂರ ಹಾರಾಟವಾದರೆ ಫ್ಲೈಟ್ ಪ್ಲಾನ್ ಸಲ್ಲಿಸಿ ಎಫ್‌ಐಸಿ ಮತ್ತು ಎಡಿಸಿ ನಂಬರುಗಳನ್ನು ಪಡೆಯಬೇಕು. ಎಫ್‌ಐಸಿ ಎಂದರೆ ಹಾರಾಟ ಮಾಹಿತಿ ಕೇಂದ್ರ, ಎಡಿಸಿ ಎಂದರೆ ವಾಯುರಕ್ಷಣೆಯ ಅನುಮತಿ. ಎಚ್‌ಎಎಲ್, ಯಲಹಂಕ, ದೇವನಹಳ್ಳಿ ಮೂರರ ನಡುವಿನ ಆಕಾಶದಲ್ಲಿ ಹಾರುವವರು ಇದರಲ್ಲಿ ಸಡಿಲ ಬಿಡುವಂತಿಲ್ಲ.

ವಿಮಾನವನ್ನು ಸುತ್ತಿ ನೋಡುವ ಕೆಲಸದಿಂದಲೇ ಅಂಕ ಶುರು. ಸೆಸ್ನಾ 172ರ ಹೊಸ ಮಾದರಿಗಳಲ್ಲಿ ಇಂಧನ ಬಸಿದು ನೋಡಲು 13 ಜಾಗಗಳಿವೆ: ಒಂದೊಂದು ರೆಕ್ಕೆಯ ಕೆಳಗೆ ಐದು, ಮೂಗಿನ ಕೆಳಗೆ ಮೂರು. ಪಾರದರ್ಶಕ ಲೋಟವನ್ನು ಒತ್ತಿ ಒಂದಿಷ್ಟು ಬಸಿದು, ಆಕಾಶಕ್ಕೆ ಹಿಡಿದು ನೋಡಬೇಕು. ಏವ್‌ಗ್ಯಾಸ್ 100ಎಲ್‌ಎಲ್ ತೆಳುನೀಲಿ ಬಣ್ಣ. ನೀರು ಸೇರಿದ್ದರೆ ಅದು ಭಾರವಾಗಿ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ರಾತ್ರಿ ಮಳೆ ಬಿದ್ದ ಬೆಳಗಿನಲ್ಲಿ ಇದನ್ನು ಅವಸರದಲ್ಲಿ ಮುಗಿಸಿದವರನ್ನು ಪರೀಕ್ಷಕರು ಮುಂದಿನ ಎಲ್ಲದರಲ್ಲೂ ಅನುಮಾನದಿಂದಲೇ ನೋಡುತ್ತಾರೆ, ಅದು ಸರಿಯೂ ಹೌದು. ಲೋಟ ಪೂರ್ತಿ ನೀರೇ ತುಂಬಿದ್ದರೆ ಬಣ್ಣದ ಗೆರೆ ಎಲ್ಲೂ ಕಾಣುವುದಿಲ್ಲ, ಇಂಧನ ಚೊಕ್ಕಟವಾಗಿದೆ ಎಂದೇ ಅನ್ನಿಸುತ್ತದೆ. ಆದ್ದರಿಂದ ನೀಲಿ ಬಣ್ಣ ಇದೆಯೇ, ವಾಸನೆ ಇದೆಯೇ ಎಂದೂ ನೋಡಬೇಕು.

ಆಕಾಶದಲ್ಲಿ ಕೇಳುವುದು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಒಂದೇ: ನೇರ ಹಾರಾಟ, ತಿರುವುಗಳು, ನಿಧಾನ ಹಾರಾಟ, ಸ್ಟಾಲ್ ಮತ್ತು ಅದರಿಂದ ಚೇತರಿಕೆ, ಎಂಜಿನ್ ನಿಂತಂತೆ ಮಾಡಿ ಜಾಗ ಹುಡುಕುವುದು, ಹಲವು ಬಗೆಯ ಇಳಿಕೆ, ಇಳಿಯುವುದನ್ನು ಬಿಟ್ಟು ಮತ್ತೆ ಏರುವುದು. ಅಮೆರಿಕದ ಖಾಸಗಿ ಲೈಸೆನ್ಸಿನ ಮಾನದಂಡದಲ್ಲಿ ಕಡಿದಾದ ತಿರುವನ್ನು 45 ಡಿಗ್ರಿ ವಾಲಿಸಿ, ಎತ್ತರವನ್ನು 100 ಅಡಿಯ ಒಳಗೆ, ವೇಗವನ್ನು 10 ನಾಟಿನ ಒಳಗೆ ಕಾಪಾಡಬೇಕು. ಈ ಅಳತೆಯನ್ನು ಅಭ್ಯಾಸದಲ್ಲಿ ಅರ್ಧಕ್ಕೆ ಇಳಿಸಿಕೊಂಡು ತಾವೇ ತಮ್ಮನ್ನು ತಿದ್ದಿಕೊಂಡವರಿಗೆ ಪರೀಕ್ಷೆಯ ದಿನದ ನಡುಕಕ್ಕೂ ಜಾಗ ಉಳಿಯುತ್ತದೆ. ಎಂಜಿನ್ ನಿಂತ ಪರೀಕ್ಷೆಯಲ್ಲಿ ಮೊದಲು ಮಾಡಬೇಕಾದ್ದು ಜಾರುವ ವೇಗ ಹಿಡಿಯುವುದು. ಆಮೇಲೆ ಜಾಗ, ಆಮೇಲೆ ಕಾರಣ, ಕೊನೆಗೆ ರೇಡಿಯೊ. ಮೊದಲೇ ಮೈಕ್ ಒತ್ತಿ ಮಾತಿಗೆ ನಿಂತವರು ವೇಗ ಕಳೆದುಕೊಳ್ಳುತ್ತಾರೆ. ಬೆಂಗಳೂರಿನ ಸುತ್ತ ಹೀಗೆ ಇಳಿಯಬಹುದಾದ ಬಯಲುಗಳು ವರ್ಷದಿಂದ ವರ್ಷಕ್ಕೆ ಬಡಾವಣೆಗಳಾಗುತ್ತಿವೆ. ಹಿಂದಿನ ಬ್ಯಾಚಿನವರು ತೋರಿಸಿದ ಹೊಲವನ್ನೇ ನಂಬದೆ, ಪರೀಕ್ಷೆಗೆ ಮುನ್ನ ಅಭ್ಯಾಸ ಹಾರಾಟದಲ್ಲಿ ಕಣ್ಣಾರೆ ನೋಡಿಕೊಂಡಿರಬೇಕು.

ವಿದೇಶದಲ್ಲಿ ಪರೀಕ್ಷೆ ಕೊಟ್ಟವರು

ಬೆಂಗಳೂರಿನ ಅನೇಕ ಮನೆಗಳ ಮಕ್ಕಳು ಅಮೆರಿಕ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಲ್ಲಿ ಕಲಿಯುತ್ತಾರೆ. ಅಮೆರಿಕದಲ್ಲಿ ಪರೀಕ್ಷೆ ನಡೆಸುವವರು ಸರ್ಕಾರ ನೇಮಿಸಿದ ಖಾಸಗಿ ಪರೀಕ್ಷಕರು. ಅವರ ಶುಲ್ಕ ಅಭ್ಯರ್ಥಿಯದೇ. ಖಾಸಗಿ ಲೈಸೆನ್ಸಿನ ಪರೀಕ್ಷೆಗೆ ಹಿಂದಿನ ಎರಡು ತಿಂಗಳಲ್ಲಿ ಇನ್‌ಸ್ಟ್ರಕ್ಟರ್ ಜತೆ 3 ಗಂಟೆಯ ಸಿದ್ಧತಾ ಹಾರಾಟ ಆಗಿರಬೇಕು, ಲಿಖಿತ ಪರೀಕ್ಷೆಯ ಫಲಿತಾಂಶ 24 ತಿಂಗಳಿಗಿಂತ ಹಳೆಯದಾಗಿರಬಾರದು. ಹವೆ ಕೆಟ್ಟು ಪರೀಕ್ಷೆ ಅರ್ಧಕ್ಕೆ ನಿಂತರೆ ಅದು ಸೋಲಲ್ಲ. ಮುಗಿಸಿದ ಭಾಗಕ್ಕೆ ಪತ್ರ ಕೊಡುತ್ತಾರೆ, ಉಳಿದದ್ದನ್ನು ಎರಡು ತಿಂಗಳೊಳಗೆ ಪೂರೈಸಬೇಕು. ಮರಳಿ ಬಂದವರು ಡಿಜಿಸಿಎಯ ಪತ್ರಿಕೆ ಬರೆದು, ಇಲ್ಲಿನ ಹಾರಾಟ ಪರೀಕ್ಷೆಯನ್ನೂ ಕೊಟ್ಟು ಲೈಸೆನ್ಸ್ ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿ ಸಮುದ್ರಮಟ್ಟದಲ್ಲಿ ಕಲಿತವರಿಗೆ ಇಲ್ಲಿನ 3,000 ಅಡಿಯ ರನ್‌ವೇ ಹೊಸದು. ಒಂದೆರಡು ಗಂಟೆ ಅಭ್ಯಾಸಕ್ಕೆ ಖರ್ಚು ಮಾಡುವುದರಲ್ಲಿ ನಷ್ಟವಿಲ್ಲ.

ಟೆಸ್ಟ್ ಪೈಲಟ್‌ಗಳ ಶಾಲೆ

ಇದುವರೆಗೆ ಹೇಳಿದ್ದು ವಿಮಾನದಲ್ಲಿ ಚಾಲಕರಿಗೆ ನಡೆಯುವ ಪರೀಕ್ಷೆ. ಚಾಲಕರು ವಿಮಾನವನ್ನೇ ಪರೀಕ್ಷಿಸುವ ವಿದ್ಯೆಯ ನೆಲೆ ಎಚ್‌ಎಎಲ್ ನಿಲ್ದಾಣದಲ್ಲಿರುವ ವಾಯುಪಡೆಯ ವಿಮಾನ ಮತ್ತು ವ್ಯವಸ್ಥೆಗಳ ಪರೀಕ್ಷಾ ಸಂಸ್ಥೆ, ಅಂದರೆ ಆಸ್ಟೆ. ಟೆಸ್ಟ್ ಪೈಲಟ್ ಶಾಲೆ ಇಲ್ಲಿ 1973ರಲ್ಲಿ ಆರಂಭವಾಯಿತು. ಇಲ್ಲಿನ ಎಲ್ಲ ವಿಭಾಗಗಳಲ್ಲೂ ಮೇಲಾದ ವಿದ್ಯಾರ್ಥಿಗೆ ಕೊಡುವ ಟ್ರೋಫಿ ಸುರಂಜನ್ ದಾಸ್ ಹೆಸರಿನಲ್ಲಿದೆ. 1961ರ ಜೂನ್‌ನಲ್ಲಿ ಎಚ್‌ಎಫ್-24 ಮರುತ್ ಯುದ್ಧವಿಮಾನವನ್ನು ಮೊದಲ ಬಾರಿ ಹಾರಿಸಿದವರು ಅವರು. 1970ರ ಜನವರಿ 10ರಂದು ಅದೇ ವಿಮಾನದ ಇನ್ನೊಂದು ರೂಪದ ಪರೀಕ್ಷೆಯಲ್ಲಿ ತೀರಿಕೊಂಡರು. ಹಳೆ ಮದರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವವರು ಈ ಹೆಸರನ್ನು ತಿಳಿದಿರುವುದು ನ್ಯಾಯ. 2001ರ ಜನವರಿ 4ರಂದು ತೇಜಸ್‌ನ ಮೊದಲ ಮಾದರಿಯನ್ನು ಇದೇ ರನ್‌ವೇಯಿಂದ ಏರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. 2009ರ ಮಾರ್ಚ್‌ನಲ್ಲಿ ಬಿಡದಿಯ ಬಳಿ ಸರಸ್ ವಿಮಾನ, 2019ರ ಫೆಬ್ರುವರಿ 1ರಂದು ಎಚ್‌ಎಎಲ್ ನಿಲ್ದಾಣದಲ್ಲಿ ಮಿರಾಜ್ 2000 ಅಪಘಾತಕ್ಕೀಡಾಗಿ ಆಸ್ಟೆಯ ಒಟ್ಟು ಐವರು ಪ್ರಾಣ ಕಳೆದುಕೊಂಡರು. ಒಂದೊಂದು ಹಾರಾಟಕ್ಕೂ ಮೊದಲು ಏನು ಮಾಡುತ್ತೇವೆ, ಎಲ್ಲಿ ನಿಲ್ಲಿಸುತ್ತೇವೆ ಎಂದು ಕಾಗದದ ಮೇಲೆ ಬರೆದುಕೊಳ್ಳುವ ಇಲ್ಲಿನ ಪದ್ಧತಿಯನ್ನು ಜಕ್ಕೂರಿನ ವಿದ್ಯಾರ್ಥಿಯೂ ಅಳವಡಿಸಿಕೊಳ್ಳಬಹುದು.

ಸೋತರೆ, ಮತ್ತು ಸೇರುವ ಮುನ್ನ

ಒಮ್ಮೆ ಸೋತರೆ ಪರೀಕ್ಷಕರು ಬರೆದ ಕೊರತೆಗಳ ಮೇಲೆ ಮರುತರಬೇತಿ ಪಡೆದು ಮತ್ತೆ ಪರೀಕ್ಷೆ ಕೊಡಬಹುದು. ಅದರಿಂದ ಬದುಕು ಮುಗಿಯುವುದಿಲ್ಲ. ಹೆಚ್ಚು ನೋವು ಕೊಡುವುದು, ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ ವೈದ್ಯಕೀಯದಲ್ಲಿ ಅನರ್ಹರಾಗುವುದು ಅಥವಾ ಹಾರಲು ವಿಮಾನವೇ ಸಿಗದೆ ವರ್ಷಗಳು ಕಳೆಯುವುದು. ಡಿಜಿಸಿಎ 2025ರಿಂದ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ಕೊಡತೊಡಗಿದೆ. ಅದನ್ನು ನೋಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಮಗ ಅಥವಾ ಮಗಳನ್ನು ಸೇರಿಸಲು ಹೊರಟ ತಂದೆ ತಾಯಂದಿರು ಮೊದಲು ವೈದ್ಯಕೀಯ ತಪಾಸಣೆ ಮುಗಿಸಿಕೊಳ್ಳಲಿ. ಆಮೇಲೆ ಶಾಲೆಗೆ ಹೋಗಿ ಮೂರು ವಿಷಯ ಕೇಳಲಿ: ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಇಲ್ಲೇ ಇರುವ ಪರೀಕ್ಷಕರೆಷ್ಟು, ಕಳೆದ ಬ್ಯಾಚಿನವರಿಗೆ 200 ಗಂಟೆ ತುಂಬಿದ ದಿನದಿಂದ ಕೊನೆಯ ಪರೀಕ್ಷೆಯವರೆಗೆ ಎಷ್ಟು ದಿನ ಹಿಡಿಯಿತು. ಉತ್ತರ ಸ್ಪಷ್ಟವಾಗಿ ಸಿಗದ ಕಡೆ ಹಣ ಕಟ್ಟಬೇಡಿ.